ಮೂರನೆಯ ಸಿಲಿಂಡರಿನ ಸದ್ದು

ಆ ವಾರ ನಾನು ಕಂಡದ್ದನ್ನು, ಕೇಳಿದ್ದನ್ನು ಮಾತ್ರ ಬರೆಯುತ್ತೇನೆ. ಊಹಿಸಿದ್ದು ಬಂದಲ್ಲಿ ಅದು ಊಹೆ ಎಂದೇ ಹೇಳುತ್ತೇನೆ. ಇಷ್ಟು ಎಚ್ಚರ ಯಾಕೆಂದರೆ, ಹಿಂದೊಮ್ಮೆ ಊಹೆಯನ್ನೇ ನಿಜವೆಂದು ಬರೆದು, ಅಣ್ಣನ ಎಡ ಹುಬ್ಬಿನ ಮೇಲೆ ಏಳು ಹೊಲಿಗೆ ಬೀಳಲು ಕಾರಣಳಾದವಳು ನಾನು.

ಧಾರವಾಡದ ಒಂದು ಪಾಲಿಟೆಕ್ನಿಕ್ಕಿನಲ್ಲಿ ಇಂಜಿನ್ನುಗಳ ಪಾಠ ಮಾಡುತ್ತೇನೆ. ಸಪ್ತಾಪುರದಲ್ಲಿ ಒಂದು ಮನೆಯ ಮೇಲಂತಸ್ತಿನಲ್ಲಿ ಬಾಡಿಗೆಗಿದ್ದೇನೆ. ಅವ್ವ ಮತ್ತು ಅಣ್ಣ ಹುಬ್ಬಳ್ಳಿಯಲ್ಲಿ. ಅಣ್ಣನ ಗ್ಯಾರೇಜು ಗೋಕುಲ ರಸ್ತೆಯಿಂದ ಒಳಗೆ, ಲೇತ್ ಅಂಗಡಿಗಳ ಸಾಲಿನಲ್ಲಿರುವ ಒಂದು ತಗಡಿನ ಶೆಡ್ಡು. ತರಗತಿ ಮುಗಿಸಿ, ಬಸ್ಸು ಹಿಡಿದು, ವಾರದಲ್ಲಿ ಮೂರ್ನಾಲ್ಕು ದಿನ ಅಲ್ಲಿಗೆ ಹೋಗುತ್ತೇನೆ. ಇಂಜಿನ್ನು ಬಿಚ್ಚುವುದು, ಜೋಡಿಸುವುದು ಅಣ್ಣನ ಕೆಲಸ. ಅದಕ್ಕೆ ಪೆಟ್ರೋಲು ಎಷ್ಟು ಹೋಗಬೇಕು, ಪ್ಲಗ್ಗಿನ ಕಿಡಿ ಯಾವ ಗಳಿಗೆಯಲ್ಲಿ ಹಾರಬೇಕು ಎಂಬುದನ್ನು ಲ್ಯಾಪ್‌ಟಾಪಿನಲ್ಲಿ ಹೊಂದಿಸುವುದು ನನ್ನ ಕೆಲಸ. ಅಣ್ಣ ಚರ್ಚಿನ ಗಾಯನ ತಂಡದಲ್ಲಿ ಕೆಳಗಿನ ದನಿ ಹಾಡುತ್ತಾನೆ. ಕಿವಿ ಬಲು ಸೂಕ್ಷ್ಮ. "ನಿನ್ನ ಲ್ಯಾಪ್‌ಟಾಪ್ ಕಣ್ಣು ಬಿಡೂದ್ರೊಳಗ ನನ್ನ ಕಿವಿ ಹೇಳಿ ಮುಗಿಸಿರತೈತಿ ನೋಡವಾ" ಎಂದು ಅವನು ನನ್ನನ್ನು ಕೆಣಕದ ದಿನವಿಲ್ಲ.

ಶೆಡ್ಡಿನ ನಡುವೆ ನೆಲಮಟ್ಟಕ್ಕೆ ಎರಡು ಕಬ್ಬಿಣದ ಉರುಳೆಗಳಿವೆ. ಕಾರಿನ ಗಾಲಿಗಳನ್ನು ಅವುಗಳ ಮೇಲೆ ನಿಲ್ಲಿಸಿ, ನಾಲ್ಕೂ ಕಡೆ ಪಟ್ಟಿ ಬಿಗಿದರೆ ಕಾರು ನಿಂತಲ್ಲೇ ಓಡುತ್ತದೆ. ಅದಕ್ಕೆ ಡೈನೊ ಅನ್ನುತ್ತಾರೆ. ಹಿಂದಿನ ವರ್ಷ ಆ ಅವಘಡ ಆದದ್ದು ಅದರ ಮೇಲೆಯೇ. ಬೇರೆ ಕಾರು. ಇಂಜಿನ್ನಿಗೆ ಅಂಟಿಸಿದ ಸೆನ್ಸರು ಒಳಗೆ ನಾಕ್ ಇದೆ, ಅಂದರೆ ಹೊತ್ತಬಾರದ ಗಳಿಗೆಯಲ್ಲಿ ಹೊತ್ತಿ ಪೆಟ್ಟು ಬೀಳುತ್ತಿದೆ ಎಂದು ತೋರಿಸುತ್ತಿತ್ತು. ನಾನು ಬಗ್ಗಿ ನೋಡಿದೆ. ಹೊಗೆ ಕೊಳವೆಯ ಮೇಲಿನ ತಗಡು ಸಡಿಲಾಗಿತ್ತು. ಸೆನ್ಸರು ಅದರ ಸದ್ದನ್ನೇ ನಾಕ್ ಎಂದು ತಿಳಿದಿದೆ ಎಂದುಕೊಂಡು, ಪ್ರತಿ ಓಟದ ವಿವರ ಬರೆದಿಡುವ ಪುಸ್ತಕದಲ್ಲಿ 'ಸದ್ದು ಸುಳ್ಳು' ಎಂದು ಬರೆದು, ಸೆನ್ಸರಿನ ಸೂಕ್ಷ್ಮತೆ ತಗ್ಗಿಸಿದೆ. ತಗಡು ಸಡಿಲಾಗಿದ್ದದ್ದು ನಿಜ. ಒಳಗೆ ನಾಕ್ ಇದ್ದದ್ದೂ ನಿಜ. ಮುಂದಿನ ಓಟದಲ್ಲಿ ಪಿಸ್ಟನ್ ಕರಗಿತು, ಗಾಳಿ ಒಳಹೋಗುವ ಪ್ಲಾಸ್ಟಿಕ್ ಕೊಳವೆ ಸಿಡಿಯಿತು. ಬಾನೆಟ್ಟಿನ ಪಕ್ಕ ಕಿವಿಗೊಟ್ಟು ನಿಂತಿದ್ದ ಅಣ್ಣನ ಹುಬ್ಬಿಗೆ ಅದರ ಚೂರು ಬಡಿಯಿತು. ಅರ್ಧ ಬೆರಳಿನಷ್ಟು ಕೆಳಗೆ ಬಡಿದಿದ್ದರೆ ಕಣ್ಣು ಹೋಗುತ್ತಿತ್ತು ಎಂದರು ಡಾಕ್ಟರು. ಅಂದಿನಿಂದ ಲ್ಯಾಪ್‌ಟಾಪಿನ ಮುಂದೆ ಕೂತಾಗ ನನ್ನ ಬಲಗೈ ಸಣ್ಣಗೆ ನಡುಗುತ್ತದೆ. ಪುಸ್ತಕದಲ್ಲಿ ಅಂದಿನ ನಂತರದ ಅಕ್ಷರಗಳೇ ಬೇರೆಯಾಗಿವೆ.

ಹತ್ತಿ ವ್ಯಾಪಾರದ ಸಾಹುಕಾರರು ತಮ್ಮ ಕಾರು ತಂದದ್ದು ಚಳಿ ಮುಗಿದು ಬಿಸಿಲು ಏರುತ್ತಿದ್ದ ದಿನಗಳಲ್ಲಿ. ಐವತ್ತು ದಾಟಿದವರು. ಹಣೆಯ ತುಂಬ ವಿಭೂತಿ, ಕಾಲಲ್ಲಿ ಕೊಲ್ಹಾಪುರಿ ಚಪ್ಪಲಿ, ಕಾರು ಮಾತ್ರ ತಗ್ಗಿನ ಕೆಂಪು ಓಟದ ಕಾರು. ಅವರಿಗೊಂದು ಚಟ. ತುಂಬಿದ್ದು, ಸುತ್ತಿದ್ದು, ಕಟ್ಟಿದ್ದು ಏನೇ ಕಾಣಲಿ, ಅದರೊಳಗೆ ಮೊಣಕೈವರೆಗೆ ಕೈ ತೂರಿಸಿ ನೋಡುವುದು. ಶೆಡ್ಡಿಗೆ ಬಂದ ಮೊದಲ ದಿನವೇ ಕೈ ಒರೆಸುವ ವೇಸ್ಟ್ ಹತ್ತಿಯ ಚೀಲಕ್ಕೆ ಕೈ ಹಾಕಿ, "ಒಳಗ ಹಸಿ ಐತಿ, ಬಿಸಿಲಿಗೆ ಹಾಕ್ರಿ" ಎಂದರು. ಹತ್ತಿ ಗಂಟಿನ ಒಳಗೆ ಬೆಂಕಿ ಹೊಗೆಯಿಲ್ಲದೆ ದಿನಗಟ್ಟಲೆ ಕೂತಿರುತ್ತದಂತೆ. ಹೊರಗೆ ಮುಟ್ಟಿದರೆ ತಣ್ಣಗೆ ಇರುತ್ತದೆ, ಕೈ ಒಳಗೆ ಹೋದರೇ ತಿಳಿಯುವುದು. "ಸಣ್ಣಾವ ಇದ್ದಾಗ ನಮ್ಮಪ್ಪ ಕಲಿಸಿದ ವಿದ್ಯಾ ಇದು, ಬ್ಯಾರೆ ಏನೂ ಕಲೀಲಿಲ್ಲ ನಾ" ಎಂದು ನಕ್ಕರು.

ಊರಾಚೆ, ಬಳಸದೆ ಬಿಟ್ಟಿದ್ದ ಒಂದು ವಿಮಾನದ ಪಟ್ಟಿಯಲ್ಲಿ ಭಾನುವಾರ ಓಟವಿತ್ತು. ಒಬ್ಬೊಬ್ಬರೇ ನೇರ ಓಡಿಸಿ ಸಮಯ ನೋಡುವ ಓಟ. ಸಾಹುಕಾರರ ಕಾರು ಓಡಿಸುವವನು ಅಣ್ಣ. ಅದಕ್ಕಾಗಿ ಕಾರಿಗೆ ನೈಟ್ರಸ್ ಕೂರಿಸಿದ್ದೆವು. ಡಿಕ್ಕಿಯಲ್ಲಿ ಒಂದು ನೀಲಿ ಬಾಟಲಿ, ಅದರಲ್ಲಿ ಒತ್ತಿ ತುಂಬಿದ ಅನಿಲ. ಗುಂಡಿ ಒತ್ತಿದರೆ ಅದು ಕೊಳವೆಯಲ್ಲಿ ಹಾದು ಇಂಜಿನ್ನಿಗೆ ಹೋಗುತ್ತದೆ. ಅದು ಹೆಚ್ಚು ಆಮ್ಲಜನಕ ಕೊಡುತ್ತದೆ. ಆ ಆಮ್ಲಜನಕಕ್ಕೆ ತಕ್ಕಷ್ಟು ಪೆಟ್ರೋಲೂ ಜೊತೆಗೆ ಹೋದರೆ ಶಕ್ತಿ ಬರುತ್ತದೆ, ಪೆಟ್ರೋಲು ಕಡಿಮೆಯಾದರೆ ಇಂಜಿನ್ನಿನ ಒಳಗೆ ಬೇಡದಷ್ಟು ಬಿಸಿ ಹುಟ್ಟುತ್ತದೆ.

ಅವ್ವನಿಗೆ ಓಟಕ್ಕಿಂತ ವಾರದ್ದೇ ತಕರಾರು. "ಐತವಾರ ದೇವರ ಸುದ್ದಾ ಕೆಲಸ ಬಿಟ್ಟ ಕುಂತಿದ್ದ. ನಿನಗೇನೋ ಅಂಥಾ ಅವಸರ?" ಎಂದಳು ಅಣ್ಣನಿಗೆ.

"ದೇವರಿಗೆ ಗಿರಾಕಿ ಕಾಯ್ತಿರಲಿಲ್ಲಬೇ" ಎಂದ ಅಣ್ಣ.

ಆ ವಾರ ನಾನು ದಿನವೂ ಶೆಡ್ಡಿಗೆ ಹೋದೆ. ಸೋಮವಾರ ನೈಟ್ರಸ್ ಇಲ್ಲದೆ ಡೈನೊ ಮೇಲೆ ಓಡಿಸಿ ನೋಡಿದೆವು. ತೊಂದರೆ ಕಾಣಲಿಲ್ಲ. ಹಿಂದಿನ ವರ್ಷದ ನಂತರ ನಾನು ಎರಡು ನಿಯಮ ಮಾಡಿದ್ದೆ. ಬಾನೆಟ್ ಮುಚ್ಚಿಯೇ ಓಡಿಸಬೇಕು. ಯಾರೂ ಕಾರಿನ ಮುಂದಾಗಲಿ, ಇಂಜಿನ್ನಿನ ಪಕ್ಕದಲ್ಲಾಗಲಿ ನಿಲ್ಲಬಾರದು. ಸೆನ್ಸರು ಒಂದನ್ನೇ ನಂಬದೆ ಕೇಳುವುದಕ್ಕೂ ಒಂದು ಸಾಧನ ಮಾಡಿಕೊಂಡಿದ್ದೆ. ತಾಮ್ರದ ಕೊಳವೆಯ ಒಂದು ತುದಿಯನ್ನು ಚಪ್ಪಟೆ ಬಡಿದು ಇಂಜಿನ್ನಿನ ಮೈಗೆ ಬೋಲ್ಟ್ ಹಾಕುವುದು, ಇನ್ನೊಂದು ತುದಿಗೆ ಉದ್ದನೆಯ ರಬ್ಬರ್ ನಳಿಗೆ, ಅದರ ಕೊನೆಯಲ್ಲಿ ಗದ್ದಲ ತಡೆಯುವ ಕಿವಿಮುಚ್ಚುಗೆ. ಅದನ್ನು ಹಾಕಿಕೊಂಡು ಕಾರಿನ ಹಿಂದೆ ದೂರದಲ್ಲಿ ಸ್ಟೂಲಿನ ಮೇಲೆ ಕೂತರೆ ಇಂಜಿನ್ನಿನ ಒಡಲು ಕೇಳುತ್ತದೆ.

ಆದರೆ ಅದರಲ್ಲಿ ಡಿಕ್ಕಿಯ ಸದ್ದೂ ಬರುತ್ತಿತ್ತು. ಬಾಟಲಿಯನ್ನು ಹಿಡಿದ ಕಬ್ಬಿಣದ ಬಳೆ ಒಂದು ವೇಗಕ್ಕೆ ಬಂದಾಗ ಗರಗರ ಅನ್ನುತ್ತಿತ್ತು. ಹಿಂದಿನ ವರ್ಷ ಒಂದು ಸಡಿಲ ತಗಡು ನನ್ನನ್ನು ಮೋಸ ಮಾಡಿತ್ತಲ್ಲ, ಈ ಸಲ ಅಂಥ ಸದ್ದು ಒಂದೂ ಇರಬಾರದು ಎಂದು ಹಟ. ಮಂಗಳವಾರ ಅವ್ವನ ಒಂದು ಹಳೆಯ ಕೌದಿ ತಂದು ಬಾಟಲಿಗೆ ಬಿಗಿಯಾಗಿ ಸುತ್ತಿದೆ. ಅಂಚುಗಳನ್ನು ಬಳೆಯ ಸಂದಿಗಳಿಗೆ ತುರುಕಿದೆ. ಹಳೆಯ ಸೀರೆಯ ತುಂಡುಗಳ ನಾಲ್ಕು ಪದರದ ಕೌದಿ ಅದು. ನಡುವೆ ಅಪ್ಪನ ಅಂಗಿಯದೊಂದು ಬಿಳಿ ತುಂಡು, ಗರಗ ಊರಿನ ಖಾದಿ. ಗರಗರ ಪೂರ್ತಿ ನಿಂತಿತು. ನನಗೆ ಸಮಾಧಾನವಾಯಿತು.

ಕೌದಿ ಸುತ್ತಿದ್ದನ್ನು ನಾನು ಪುಸ್ತಕದಲ್ಲಿ ಬರೆಯಲಿಲ್ಲ. ಬದಲಿಸಿದ ಪ್ರತಿ ಬೋಲ್ಟನ್ನೂ ಬರೆಯುತ್ತಿದ್ದೆ. ಕೌದಿ ಕಾರಿನ ಭಾಗ ಎಂದು ನನಗೆ ತೋಚಲೇ ಇಲ್ಲ.

ಅದೇ ಸಂಜೆ ಮೊದಲ ಬಾರಿ ನೈಟ್ರಸ್ ಬಿಟ್ಟೆವು. ಅಣ್ಣ ಹೆಲ್ಮೆಟ್ ಹಾಕಿ ಒಳಗೆ ಕೂತ. ಮೊದಲ ಓಟ ಸ್ವಚ್ಛ. ಕಾಲು ಗಂಟೆ ಬಿಟ್ಟು ಎರಡನೆಯದು. ಗುಂಡಿ ಒತ್ತಿ ಎರಡು ಸೆಕೆಂಡಾಗಿರಬೇಕು, ನಾನು ಕಿವಿಗೊಟ್ಟಿದ್ದ ಕೊಳವೆಯಲ್ಲಿ ಆ ಸದ್ದು ಬಂತು.

ನಾಕ್ ಅಂದರೆ ಏನು ಎಂದು ತರಗತಿಯಲ್ಲಿ ಹೇಳುವುದು ಸುಲಭ. ಸಿಲಿಂಡರಿನಲ್ಲಿ ಪ್ಲಗ್ಗಿನ ಕಿಡಿಯಿಂದ ಹೊತ್ತಿದ ಉರಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹರಡಬೇಕು. ಅದು ಮುಟ್ಟುವ ಮೊದಲೇ ಮೂಲೆಯಲ್ಲಿ ಉಳಿದದ್ದು ತಾನಾಗಿ ಹೊತ್ತಿದರೆ ಒಳಗೆ ಸುತ್ತಿಗೆಯ ಪೆಟ್ಟು ಬಿದ್ದಂತಾಗುತ್ತದೆ. ಡಬ್ಬಿಯಲ್ಲಿ ಗೋಲಿ ಅಲ್ಲಾಡಿಸಿದಂತೆ ಕೇಳುತ್ತದೆ ಎಂದು ವಿದ್ಯಾರ್ಥಿಗಳಿಗೆ ಹೇಳುತ್ತಿದ್ದೆ. ಅಂದು ನನಗೆ ಕೇಳಿದ್ದು ಪಂಚಮಿಯ ಹೊತ್ತಿಗೆ ಅವ್ವ ಕಾದ ಪಾತ್ರೆಯಲ್ಲಿ ಜೋಳದ ಅರಳು ಹುರಿಯುವ ಸದ್ದು. ಮೊದಲು ಒಂದು, ಆಮೇಲೆ ಎರಡು, ಆಮೇಲೆ ಎಣಿಸಲಾಗದಷ್ಟು. ಕೈ ಎತ್ತಿದೆ. ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದ ಅಣ್ಣ ತಕ್ಷಣ ಕಾಲು ತೆಗೆದ.

"ಖರೇ ಐತೇನ?" ಎಂದ ಇಳಿದು ಬಂದು.

"ಗೊತ್ತಿಲ್ಲ" ಎಂದೆ. "ಆದ್ರ ಸುಳ್ಳಂತ ಈ ಸಲ ನಾ ಬರಿಯೂದಿಲ್ಲ."

ಸದ್ದು ಎಲ್ಲಿಂದ ಬರುತ್ತದೆ ಎಂದು ತಿಳಿಯುವವರೆಗೆ ಅಣ್ಣ ಆ ಕಾರಿನಲ್ಲಿ ಓಟಕ್ಕೆ ಕೂರಬಾರದು ಎಂದು ಅಂದೇ ನಿಶ್ಚಯಿಸಿದೆ. ಹೇಳಿಯೂ ಬಿಟ್ಟೆ. ಅವನು ಹುಬ್ಬಿನ ಗಾಯ ತುರಿಸಿಕೊಂಡು, "ಐತವಾರದೊಳಗ ತಿಳಿದ್ರ ಛಲೋ" ಎಂದಷ್ಟೇ ಅಂದ.

ಬುಧವಾರ ನೈಟ್ರಸ್ ಬಿಡದೆ ಮೂರು ಸಲ ಓಡಿಸಿದೆವು. ಸದ್ದಿಲ್ಲ. ಅಲ್ಲಿಗೆ ಅದು ಸಡಿಲ ತಗಡಿನದಲ್ಲ ಎಂಬುದು ಗಟ್ಟಿಯಾಯಿತು. ನೈಟ್ರಸ್ ಬಿಟ್ಟಾಗ ಮಾತ್ರ ಬರುವ ಸದ್ದು ಇಂಜಿನ್ನಿನ ಒಳಗಿನದೇ. ಕಿಡಿ ಹಾರುವ ಗಳಿಗೆಯನ್ನು ಎರಡು ಡಿಗ್ರಿ ತಡ ಮಾಡಿದೆ. ಮೊದಲ ಓಟ ಸ್ವಚ್ಛ, ಎರಡನೆಯದರಲ್ಲಿ ಅರಳು. ಮೊದಲಿಗಿಂತ ಕಡಿಮೆ, ಆದರೂ ಅರಳು.

ಗುರುವಾರ ಟ್ಯಾಂಕಿನ ಪೆಟ್ರೋಲೆಲ್ಲ ಬಸಿದು ಬೇರೆ ಪಂಪಿನಿಂದ ಹೊಸದು ತಂದೆವು. ಬೇಗ ತಣ್ಣಗಾಗುವ ಜಾತಿಯ ಹೊಸ ಪ್ಲಗ್ಗುಗಳನ್ನು ಹಾಕಿದೆವು. ಪೆಟ್ರೋಲಿನ ಒತ್ತಡ ಓಟದ ಉದ್ದಕ್ಕೂ ಒಂದೇ ಸಮ ಇತ್ತು, ಪಂಪು ಸೋತಿರಲಿಲ್ಲ. ಮೊದಲ ಓಟ ಸ್ವಚ್ಛ. ಎರಡನೆಯದರಲ್ಲಿ ಮತ್ತೆ ಅದೇ.

ಶುಕ್ರವಾರ ನೈಟ್ರಸ್ ಜೊತೆಗೆ ಹೋಗುವ ಪೆಟ್ರೋಲಿನ ತೂತನ್ನು ಒಂದು ಅಳತೆ ದೊಡ್ಡದು ಮಾಡಿದೆವು. ಎರಡನೆಯ ಓಟವೂ ದಾಟಿತು. ಅಣ್ಣ ಹಾಡು ಗುನುಗುತ್ತ ಇಳಿದ. ಮೂರನೆಯದರಲ್ಲಿ ಸದ್ದು ಮರಳಿ ಬಂತು.

"ಮೊದಲನೇದು ಯಾವಾಗ್ಲೂ ಯಾಕ ಛಲೋ ಇರತೈತಿ?" ಎಂದು ನಾನು ದಿನವೂ ಕೇಳುತ್ತಿದ್ದೆ. ಇಂಜಿನ್ನು ಕಾಯುವುದರಿಂದ ಎಂದ ಅಣ್ಣ. ನೀರು ತಣ್ಣಗಾಗುವವರೆಗೆ ಫ್ಯಾನು ಹಚ್ಚಿ ಕಾದು ನೋಡಿದೆವು. ಆದರೂ ಬಂತು. ಒಳಹೋಗುವ ಗಾಳಿ ಕಾಯುವುದರಿಂದ ಎಂದ. ಗಾಳಿಯ ಬಿಸಿ ಪರದೆಯ ಮೇಲೆ ಕಾಣುತ್ತದೆ, ಅದು ಏರಿರಲಿಲ್ಲ. ಸದ್ದು ಬಂದಾಗಲೆಲ್ಲ ಇಬ್ಬರೂ ಬಾನೆಟ್ಟಿನ ಕಡೆ ಓಡುತ್ತಿದ್ದೆವು. ಸದ್ದು ಮುಂದಿನದು. ಹಿಂದೆ ಹೋಗಿ ಡಿಕ್ಕಿಯಲ್ಲಿ ಇಣುಕಿದವರು ಇಲ್ಲ.

ಬಾಟಲಿಯ ವಿಷಯ ನಾನು ಪೂರ್ತಿ ಮರೆತಿದ್ದೆ ಎಂದರೂ ಸುಳ್ಳಾಗುತ್ತದೆ. ಅದರ ಒತ್ತಡ ಒಂಬೈನೂರು ಪಿಎಸ್‌ಐ ಆಸುಪಾಸು ಇರಬೇಕು. ತಣ್ಣಗಾದರೆ ಒತ್ತಡ ಇಳಿಯುತ್ತದೆ, ಬಿಸಿಯಾದರೆ ಏರುತ್ತದೆ. ಇಳಿಯದಿರಲಿ ಎಂದು ಬಾಟಲಿಯ ಮೈಗೆ ಒಂದು ಕರೆಂಟಿನ ಹೀಟರ್ ಪಟ್ಟಿ ಸುತ್ತಿರುತ್ತದೆ. ಬಾಟಲಿಗೆ ಒತ್ತಿಕೊಂಡ ಒಂದು ಸಣ್ಣ ಗುಬಟು, ಗುಂಡಿಯಂಥ ಸ್ವಿಚ್ಚು, ಬಿಸಿ ಸಾಕಾದಾಗ ಹೀಟರನ್ನು ಆರಿಸುತ್ತದೆ. ದಿನವೂ ನೈಟ್ರಸ್ಸಿನ ಮೊದಲ ಓಟಕ್ಕೆ ಮುಂಚೆ ಕೌದಿಯ ಮೂಲೆ ಎತ್ತಿ ಗೇಜು ನೋಡುತ್ತಿದ್ದೆ. ಎಂಟುನೂರ ಎಂಬತ್ತು, ಒಂಬೈನೂರು. ಬರೆದುಕೊಂಡು, ಹೀಟರ್ ಹಚ್ಚಿ, ಕೌದಿ ಮುಚ್ಚುತ್ತಿದ್ದೆ. ಓಟ ಮುಗಿದ ಮೇಲಿನ ಒತ್ತಡಕ್ಕೆ ನನ್ನ ಪುಸ್ತಕದಲ್ಲಿ ಕಲಂ ಇರಲಿಲ್ಲ.

ಶನಿವಾರ ಕಾಲೇಜು ಅರ್ಧ ದಿನ. ಮಧ್ಯಾಹ್ನವೇ ಬಂದೆ. ಸಾಹುಕಾರರೂ ಬಂದಿದ್ದರು. ಮೊದಲ ಓಟ ಸ್ವಚ್ಛ. ಎರಡನೆಯದರಲ್ಲಿ ಎಲ್ಲ ದಿನಕ್ಕಿಂತ ಜೋರು, ಶೆಡ್ಡಿನ ತಗಡಿನ ಬಿಸಿಲೂ ಸೇರಿತ್ತೇನೋ. ಇದು ಊಹೆ. ಅಣ್ಣ ಇಳಿದು ಹೆಲ್ಮೆಟ್ ಕುಕ್ಕಿದ.

"ಏನ್ ಮಿಸ್ತ್ರಿ, ನಾಳಿ ಹೊಂಟೇವೋ ಇಲ್ಲೋ?" ಎಂದರು ಸಾಹುಕಾರರು.

"ಅಕ್ಕೋರ್ನ ಕೇಳ್ರಿ. ಪಾಸ್ ಮಾಡೂದು ಫೇಲ್ ಮಾಡೂದು ಅವರ ಕೈಯಾಗ" ಎಂದ ಅಣ್ಣ ನನ್ನ ಕಡೆ ಗದ್ದ ತೋರಿಸಿ.

ನಾನು ಪುಸ್ತಕದ ಹಾಳೆ ತಿರುವುತ್ತಿದ್ದೆ. ಸಾಹುಕಾರರು ಬೇಸರಕ್ಕೆ ಕಾರಿನ ಸುತ್ತ ಒಂದು ಸುತ್ತು ಹಾಕಿ ಡಿಕ್ಕಿಯ ಹತ್ತಿರ ನಿಂತರು.

"ಇದ್ಯಾರ ಹಾಸಿಗೀರಿ ಅಕ್ಕಾರ?"

"ನಮ್ಮವ್ವನ ಕೌದಿ ರೀ. ಸಪ್ಪಳ ಆಗಬಾರದಂತ ಸುತ್ತೇನಿ."

"ಬಾಣಂತಿಗೆ ಹೊಚ್ಚಿದಂಗ ಹೊಚ್ಚೀರಲ್ಲ" ಎಂದು ನಕ್ಕು, ಚಟದಂತೆ ಕೌದಿಯೊಳಗೆ ಕೈ ತೂರಿಸಿದರು.

ನಗು ಅಲ್ಲಿಗೇ ನಿಂತಿತು. ಕೈ ಹೊರಗೆ ತೆಗೆದು, ಅಂಗೈ ನೋಡಿಕೊಂಡು, ಮತ್ತೆ ಒಳಗೆ ಹಾಕಿದರು.

"ಅಕ್ಕಾರ, ಹಿಂಗ ಬರ್ರಿ. ಇದಕ್ಕ ಜ್ವರ ಬಂದಾವ."

ನಾನು ಹೋಗಿ ಕೈ ಇಟ್ಟೆ. ಕೌದಿಯ ಹೊರಮೈ ಎಂದಿನಂತಿತ್ತು. ಒಳಗೆ ಕೈ ಹೋಗುತ್ತಿದ್ದಂತೆ ಬಿಸಿ. ಮೂಲೆ ಎತ್ತಿ ಗೇಜು ನೋಡಿದೆ. ಮುಳ್ಳು ಸಾವಿರದ ಇನ್ನೂರಕ್ಕೆ ಒಂದೇ ಗೆರೆ ಕೆಳಗಿತ್ತು. ಹೀಟರಿನ ಕೆಂಪು ದೀಪ ಇನ್ನೂ ಉರಿಯುತ್ತಿತ್ತು.

ನನಗೆ ಮೊದಲು ತೋಚಿದ್ದು ಅಣ್ಣನನ್ನು ಹೊರಗೆ ಕಳಿಸುವುದು. "ಹೊರಗ ನಡಿ" ಎಂದೆ. "ಯಾಕ" ಎಂದ. "ನಡಿ ಅಂದ್ನೆಲ್ಲ!" ಎಂದು ಕೂಗಿದೆ. ನಾನು ಕೂಗಿದ್ದು ಅವನಿಗೆ ಹೊಸದು. ಹೋದ. ಹೀಟರಿನ ತಂತಿ ಕಿತ್ತೆ, ಬಾಟಲಿಯ ಬಾಯಿ ಮುಚ್ಚಿದೆ, ಡಿಕ್ಕಿ ತೆರೆದೇ ಬಿಟ್ಟು, ಶೆಡ್ಡಿನ ಎರಡೂ ಬಾಗಿಲು ತೆರೆದು, ಮೂವರೂ ಎದುರಿನ ಚಹಾದಂಗಡಿಯ ಬೆಂಚಿನ ಮೇಲೆ ಕೂತೆವು. ಉರಿಗೆ ಆಮ್ಲಜನಕ ಒದಗಿಸುವ ಅನಿಲದ ಬಾಟಲಿ, ಅದರ ಮೈಗೆ ಬಿಸಿ ಪಟ್ಟಿ, ಅದರ ಮೇಲೆ ನಾಲ್ಕು ಪದರ ಹಳೆಯ ಬಟ್ಟೆ. ಐದು ದಿನ ಅದನ್ನು ನಾನೇ ಜೋಪಾನ ಮಾಡಿದ್ದೆ.

ಗೇಜು ಇಳಿದು ಬಾಟಲಿ ತಣ್ಣಗಾದ ಮೇಲೆ ಕೌದಿಯನ್ನು ಒಂದೊಂದೇ ಸುತ್ತು ಬಿಚ್ಚಿದೆ. ಕಾರಣ ಕಣ್ಣೆದುರಿಗೇ ಇತ್ತು. ಸುತ್ತುವಾಗ ನಾನು ತುರುಕಿದ ಅಂಚು, ಬಾಟಲಿಗೂ ಆ ಸಣ್ಣ ಗುಬಟಿಗೂ ನಡುವೆ ಸೇರಿಕೊಂಡಿತ್ತು. ಗುಬಟಿಗೆ ತಾಗುತ್ತಿದ್ದದ್ದು ಬಟ್ಟೆ. ಬಾಟಲಿ ಕಾದದ್ದು ಅದಕ್ಕೆ ತಿಳಿಯುತ್ತಿರಲಿಲ್ಲ, ಹೀಟರನ್ನು ಆರಿಸುತ್ತಿರಲಿಲ್ಲ. ಮೊದಲ ಓಟದ ಹೊತ್ತಿಗೆ ಒತ್ತಡ ಸರಿಯಿರುತ್ತಿತ್ತು. ಎರಡನೆಯ ಹೊತ್ತಿಗೆ ಏರುತ್ತಿತ್ತು. ಒತ್ತಡ ಏರಿದಷ್ಟೂ ನೈಟ್ರಸ್ ಹೆಚ್ಚು ನುಗ್ಗುತ್ತಿತ್ತು, ಪೆಟ್ರೋಲು ಮಾತ್ರ ಅಷ್ಟೇ. ಇಂಜಿನ್ನಿನ ಒಳಗೆ ಜೋಳದ ಅರಳು.

"ಸುತ್ತಿದಾಕಿ ನಾನ" ಎಂದೆ. "ಹೀಟರ್ ಕೆಟ್ಟಿಲ್ಲ, ಪೆಟ್ರೋಲ್ ಕೆಟ್ಟಿಲ್ಲ. ನಾ ಕೌದಿ ತುರುಕಿದ್ದಕ್ಕ ಆಗೈತಿ. ಪುಸ್ತಕದಾಗ ಬರದೂ ಇಲ್ಲ."

ಅಣ್ಣ ದೊಡ್ಡದಾಗಿ ನಕ್ಕುಬಿಟ್ಟ. "ಐದು ದಿನ ಪೆಟ್ರೋಲ್ ಬಂಕ್‌ನಾವ್ರನ್ನ ಬೈದೆಲ್ಲೋ ಯಪ್ಪಾ. ಕಳ್ಳ ಮನ್ಯಾಗ ಹೊಚಗೊಂಡು ಮಲಗಿದ್ದ!"

ಕೌದಿ ಇಲ್ಲದೆ, ಗೇಜಿಗೆ ಕಣ್ಣಿಟ್ಟು, ಮೂರು ಸಲ ಓಡಿಸಿದೆವು. ಬಳೆಯ ಗರಗರ ಕೇಳಿತು. ಇಂಜಿನ್ನು ಸ್ವಚ್ಛ, ಮೂರಕ್ಕೆ ಮೂರೂ ಸ್ವಚ್ಛ. ಸಾಹುಕಾರರು ಅಣ್ಣನ ಬೆನ್ನು ತಟ್ಟಿ, ಫೇಡೆ ತರಿಸುತ್ತೇನೆಂದು ಫೋನು ತೆಗೆದರು. ಅಲ್ಲಿಗೆ ಮುಗಿಸಬಹುದಿತ್ತು. ಸದ್ದಿನ ಕಾರಣ ತಿಳಿಯುವವರೆಗೆ ಕೂರಬಾರದು ಎಂದಿದ್ದೆ, ಕಾರಣ ತಿಳಿದಿತ್ತು.

ಆದರೆ ಇಂಜಿನ್ನಿಗೆ ಬಿದ್ದ ಪೆಟ್ಟುಗಳು ಬಿದ್ದೇ ಇದ್ದವು. ಸದ್ದು ಬಂದಾಗಲೆಲ್ಲ ನಾನು ಕೈ ಎತ್ತಿದ್ದೆ, ಅಣ್ಣ ಕಾಲು ತೆಗೆದಿದ್ದ. ಅಷ್ಟರೊಳಗೆ ಎಷ್ಟು ಪೆಟ್ಟು ಬಿದ್ದಿದ್ದವು ಎಂದು ನನಗೆ ಗೊತ್ತಿರಲಿಲ್ಲ. ಗುರುವಾರ ಹಾಕಿದ ನಾಲ್ಕೂ ಪ್ಲಗ್ಗು ಬಿಚ್ಚಿ, ಬಿಳಿ ಬಟ್ಟೆಯ ಮೇಲೆ ಸಾಲಾಗಿಟ್ಟು, ಭೂತಗನ್ನಡಿ ಹಿಡಿದೆ. ಒಂದು, ಎರಡು, ನಾಲ್ಕು ಸರಿಯಿದ್ದವು. ಮೂರನೆಯದರ ಬಿಳಿ ಪಿಂಗಾಣಿಯ ಮೇಲೆ ಹೊಳೆಯುವ ಚುಕ್ಕೆಗಳು. ಸಾಸಿವೆಗಿಂತ ಎಷ್ಟೋ ಸಣ್ಣವು. ಎಣಿಸಿದೆ, ಒಂಬತ್ತು. ಅಲ್ಯುಮಿನಿಯಂ. ಸಿಲಿಂಡರಿನ ಒಳಗೆ ಅದು ಬರಬಹುದಾದ ಜಾಗ ಪಿಸ್ಟನ್ ಒಂದೇ.

"ನಾಳಿ ಓಡಿಸೂದು ಬ್ಯಾಡ" ಎಂದೆ.

ಅಣ್ಣ ಬಂದು ಪ್ಲಗ್ಗು ನೋಡಿದ. "ಹಳೇ ಗಾಯ ಇದು. ರೋಗ ಹೋತಲ್ಲ? ಮೂರು ಸಲ ನೀನ ಕೇಳಿದಿ, ಸಪ್ಪಳ ಇಲ್ಲ. ನಾಳಿ ಬರೇ ಹನ್ನೆರಡ ಸೆಕೆಂಡ್ ಓಡಸೂದು. ಸೋಮವಾರ ಬಿಚ್ಚೂಣು."

"ಬಿಚ್ಚಿ ನೋಡಿ ಆಮ್ಯಾಲ ಓಡಸೂಣು."

"ಪ್ಲಗ್ ಕೊಡಿಲ್ಲೆ."

"ಕೊಡೂದಿಲ್ಲ" ಎಂದು ಮೂರನೆಯ ಪ್ಲಗ್ಗನ್ನು ಮುಷ್ಟಿಯಲ್ಲಿ ಹಿಡಿದೆ. ನಲವತ್ತು ದಾಟಿದವಳು, ಐವತ್ತರ ಅಣ್ಣನ ಮುಂದೆ, ಪೇಪರ್‌ಮಿಂಟ್ ಮುಚ್ಚಿಟ್ಟುಕೊಂಡ ಹುಡುಗಿಯ ಹಾಗೆ ನಿಂತಿದ್ದೆ. ಮುಷ್ಟಿಯನ್ನು ಬೆನ್ನ ಹಿಂದೆ ಒಯ್ದೆ. ಹಾಗೇ ಬಿಗಿಹಿಡಿದೆ.

"ನೀನ ಕೌದಿ ಸುತ್ತಿ ಕೆಡಿಸಿದಿ, ಈಗ ನೀನ ಬ್ಯಾಡಂತಿ" ಎಂದ ಅಣ್ಣ. ಈಗ ನಗು ಇರಲಿಲ್ಲ.

"ಹೌದು. ಅದಕ್ಕ ಬ್ಯಾಡನ್ನಾಕತ್ತೇನಿ. ಹ್ವಾದ ವರ್ಷ ಅನ್ನಬೇಕಾಗಿತ್ತು, ಅನ್ನಲಿಲ್ಲ."

ಕಾರು ಅವನದಲ್ಲ, ನನ್ನದೂ ಅಲ್ಲ. ಇಬ್ಬರೂ ಸಾಹುಕಾರರ ಕಡೆ ನೋಡಿದೆವು. ಅವರು ಫೋನು ಕಿಸೆಗಿಟ್ಟು, ಬಟ್ಟೆಯ ಮೇಲಿನ ಉಳಿದ ಮೂರು ಪ್ಲಗ್ಗುಗಳನ್ನು ಒಂದೊಂದಾಗಿ ಎತ್ತಿ ನೋಡಿ, ನನ್ನ ಮುಂದೆ ಅಂಗೈ ಚಾಚಿದರು. ಅವರಿಗೆ ಕೊಟ್ಟೆ. ಕನ್ನಡಕ ಹಣೆಗೇರಿಸಿ ಬಹಳ ಹೊತ್ತು ನೋಡಿದರು.

"ಗಂಟಿನ್ಯಾಗ ಬಿಸಿ ಹತ್ತಿದ್ರ ನಮ್ಮಪ್ಪ ಗಂಟ ಒಡಸ್ತಿದ್ದ" ಎಂದರು. "ಒಡದ್ರ ಮಾಲ್ ಕೆಡತೈತಿ. ಒಮ್ಮೊಮ್ಮೆ ಒಳಗ ಏನೂ ಇರ್ತಿರಲಿಲ್ಲ, ಬಜಾರದ ಮಂದಿ ನಗ್ತಿದ್ರು. ನಗಲಿ ತಗೋ ಅಂತಿದ್ದ." ಪ್ಲಗ್ಗನ್ನು ನನ್ನ ಕೈಗೆ ಮರಳಿಸಿ ಅಣ್ಣನ ಕಡೆ ತಿರುಗಿದರು. "ಬಿಚ್ಚರಿ ಮಿಸ್ತ್ರಿ. ಓಟ ಮುಂದಿನ ಸಲಾನೂ ಬರತೈತಿ."

ಅಣ್ಣ ಆ ಸಂಜೆ ಮುನಿಸಿಕೊಂಡೇ ಶೆಡ್ಡಿನ ಬಾಗಿಲು ಹಾಕಿದ. ಭಾನುವಾರ ಬೆಳಿಗ್ಗೆ ಇಸ್ತ್ರಿ ಅಂಗಿ ತೊಟ್ಟು ಚರ್ಚಿಗೆ ಬಂದ. ಅವ್ವ ಮೂರು ದಿನ ಪ್ರಾರ್ಥನೆ ಮಾಡಿದ್ದು ಫಲಿಸಿತೆಂಬ ಮುಖ ಮಾಡಿಕೊಂಡು ಅವನ ಕಡೆ ನೋಡುತ್ತಿದ್ದಳು. ನಾನು ಹಿಂದಿನ ಬೆಂಚಿನಲ್ಲಿ ಕೂತು ಅವನ ದನಿ ಕೇಳಿದೆ. ಮೊದಲ ಹಾಡಿನಲ್ಲಿ ಮುನಿಸಿತ್ತು, ಎರಡನೆಯದರ ಹೊತ್ತಿಗೆ ಸರಿಹೋಯಿತು.

ಆರಾಧನೆ ಮುಗಿದ ಮೇಲೆ ಮನೆಗೆ ಹೋಗದೆ ಮೂವರೂ ನೇರ ಶೆಡ್ಡಿಗೆ ಬಂದೆವು. ಅವ್ವನಿಗೆ ಅವಳ ಕೌದಿ ಬೇಕಾಗಿತ್ತು. ಅಣ್ಣ ಇಸ್ತ್ರಿ ಅಂಗಿ ಕಳಚಿ ಮೊಳೆಗೆ ಹಾಕಿ ಕೆಲಸಕ್ಕೆ ಕೂತ. ನಡು ಮಧ್ಯಾಹ್ನದ ಹೊತ್ತಿಗೆ ಇಂಜಿನ್ನಿನ ತಲೆ ಎತ್ತಿ ಕೆಳಗಿಟ್ಟೆವು. ನಾಲ್ಕು ಪಿಸ್ಟನ್ನುಗಳ ನೆತ್ತಿ ಕಾಣಿಸಿತು. ಒಂದು, ಎರಡು, ನಾಲ್ಕು ನುಣ್ಣಗಿದ್ದವು. ಮೂರನೆಯದರ ಒಂದು ಅಂಚನ್ನು ನುಸಿ ಹಿಡಿದ ಜೋಳದ ಕಾಳಿನಂತೆ ಏನೋ ಮೆದ್ದಿತ್ತು. ಬೆರಳುಗುರಿನಷ್ಟು ಅಗಲ. ಅದನ್ನು ಹೊರತೆಗೆದು ನೋಡಿದರೆ, ಅಲ್ಲಿಂದ ಉಂಗುರ ಕೂರುವ ತೋಡಿನವರೆಗೆ ಕೂದಲೆಳೆಯಂಥ ಒಂದು ಬಿರುಕು ಇಳಿದಿತ್ತು.

ಆ ಪಿಸ್ಟನ್ನು ಇನ್ನೂ ಹನ್ನೆರಡು ಸೆಕೆಂಡು ತಡೆಯುತ್ತಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ತಡೆಯುತ್ತಿತ್ತು ಎಂದೂ ಬರೆಯಲಾರೆ, ಇಲ್ಲ ಎಂದೂ ಬರೆಯಲಾರೆ.

ಅಣ್ಣ ಬಿರುಕಿನ ಮೇಲೆ ಉಗುರು ಎಳೆದು ನೋಡಿದ. ಉಗುರು ಸಿಕ್ಕಿಕೊಂಡಿತು. ಅದೇ ಎಣ್ಣೆಗೈಯಿಂದ ಹುಬ್ಬು ಮುಟ್ಟಿಕೊಂಡ, ಅಲ್ಲಿ ಕರಿ ಗೆರೆ ಉಳಿಯಿತು.

"ಬರಿ" ಎಂದ.

ಪುಸ್ತಕ ತೆಗೆದೆ. ಮಂಗಳವಾರದ ಹಾಳೆಗೆ ಹೋಗಿ, ಅಂಚಿನಲ್ಲಿ ಇದ್ದ ಜಾಗದಲ್ಲಿ ಬರೆದೆ: 'ಬಾಟಲಿಗೆ ಕೌದಿ ಸುತ್ತಿದೆ. ಹೀಟರಿನ ಗುಬಟಿನ ಕೆಳಗೆ ಬಟ್ಟೆ ಸೇರಿತು. ಸುತ್ತಿದವಳು ನಾನು.' ಅಕ್ಷರ ಸೊಟ್ಟಗಿದ್ದವು, ಓದಲು ಬರುತ್ತಿದ್ದವು. ಅಣ್ಣ ಹೆಗಲ ಮೇಲಿಂದ ಬಗ್ಗಿ ಓದಿದ.

"ಗೇಜ್ ಒಂದಿನ ಸುದ್ದಾ ನೋಡದಾಂವ ನಿಮ್ಮಣ್ಣ ಅಂತನೂ ಬರಿ."

ಅದನ್ನೂ ಬರೆದೆ. ಓಟದ ಕಲಮುಗಳ ಕೊನೆಗೆ ಇನ್ನೊಂದು ಗೆರೆ ಎಳೆದು, ಮೇಲೆ 'ಓಟದ ನಂತರ ಬಾಟಲಿ ಒತ್ತಡ' ಎಂದು ಬರೆದು, ಅದರ ಪಕ್ಕ ಇನ್ನೊಂದು ಖಾಲಿ ಕಲಂ ಬಿಟ್ಟೆ. ಕಾರಿನ ಭಾಗವಲ್ಲದ್ದಕ್ಕೆ.

ಅವ್ವ ಅಷ್ಟರಲ್ಲಿ ಕೌದಿಯನ್ನು ಬಾಗಿಲ ಬೆಳಕಿಗೆ ಹಿಡಿದಿದ್ದಳು. ನಡುವಿನ ಬಿಳಿ ಖಾದಿಯ ಮೇಲೆ ರೊಟ್ಟಿಯ ಕಲೆಯಂಥ ಒಂದು ಕಂದು ಮಚ್ಚೆ. ನಾನು ಬಿಚ್ಚುವಾಗ ಅದನ್ನು ಕಂಡಿರಲಿಲ್ಲ. ಹತ್ತಿರ ಹೋಗಿ ಮೂಸಿ ನೋಡಿದೆ. ಸುಟ್ಟ ವಾಸನೆ ಇನ್ನೂ ಇತ್ತು. ಅವ್ವ ಬೆರಳಿನಿಂದ ಉಜ್ಜಿದಳು. ಅಪ್ಪನ ಅಂಗಿಯ ಬಟ್ಟೆ ಅಲ್ಲಿ ಪುಡಿಯಾಗಿ ಉದುರಿತು.

"ತ್ಯಾಪಿ ಹಚ್ಚಿದ್ರ ಆಕೈತಿ ಬಿಡು" ಎಂದಳು, ಮಡಿಸುತ್ತ. "ಆದ್ರ ನಿಮ್ಮ ಗಾಡಿಗೆ ಚಳಿ ಹತ್ತಿದ್ರ ಇನ್ನ ನನ್ನ ಕೇಳಬ್ಯಾಡ್ರಿ."